ಮುಳುಗಡೆ ಊರಿನವರು ಜಾಫ್ನಾಕ್ಕೆ ಹೋದಾಗ

ಶ್ರೀಲಂಕಾದ ಉತ್ತರದಲ್ಲಿರುವ ಜಾಫ್ನಾದಿಂದ ಬಂದು ಎರಡು ವಾರ ಆಯಿತು. ಒಗೆದು ಒಣಗಿಸಿದ ಚೀಲದಿಂದ ಮಿಡಿ ಉಪ್ಪಿನಕಾಯಿ ವಾಸನೆ ಇನ್ನೂ ಹೋಗಿಲ್ಲ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ. ಹೋಗುವ ಮನಸ್ಸಿರುವವರಿಗೆ ಉಪಯೋಗ ಆಗಲಿ ಅಂತ ದಿನ ದಿನದ್ದೂ ಬರೆದಿಡುತ್ತಿದ್ದೇನೆ.

ಹೊರಟಿದ್ದು ಮೂವರು. ನಾನು, ಅಕ್ಕ, ಭಾವ. ಭಾವ ಭದ್ರಾವತಿಯವರು, ಕಬ್ಬಿಣದ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ದುಡಿದವರು. ಕ್ವಾರ್ಟರ್ಸಿನಲ್ಲಿ ಆಚೆ ಮನೆ ಈಚೆ ಮನೆ ಎಲ್ಲ ತಮಿಳರೇ ಇದ್ದುದರಿಂದ ಅವರಿಗೆ ತಮಿಳು ಮನೆಮಾತಿನಷ್ಟೇ ಸಲೀಸು. 2009ರಲ್ಲಿ, ಶ್ರೀಲಂಕಾದ ಸೈನ್ಯಕ್ಕೂ ಪ್ರತ್ಯೇಕ ತಮಿಳು ದೇಶ ಕೇಳುತ್ತಿದ್ದ ಎಲ್‌ಟಿಟಿಇಗೂ ನಡೆದ ಯುದ್ಧದ ಕೊನೆಯ ತಿಂಗಳುಗಳಲ್ಲಿ ಪಕ್ಕದ ಮನೆಯ ಹಿರಿಯರು ದಿನಾ ತಮಿಳು ಪೇಪರ್ ಓದಿ ಕಣ್ಣೀರು ಹಾಕುತ್ತಿದ್ದರಂತೆ. ಆವತ್ತಿನಿಂದ ಭಾವನಿಗೆ ಆ ಊರನ್ನು ಒಮ್ಮೆ ನೋಡಬೇಕು ಅಂತ ಇತ್ತು.

ಸಾಗರದ ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದಳು. "ಹೋಗಿ ಬನ್ನಿ. ಆದರೆ ಅಲ್ಲಿಯವರ ಹತ್ರ ಸುಮ್ನೆ ಏನೇನೋ ಕೆದಕಬೇಡಿ."

ಅಮ್ಮ ಯಾಕೆ ಹಾಗಂದಳು ಅಂತ ನಮಗೆ ಗೊತ್ತು. ನಾವು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಹಿನ್ನೀರಿನಲ್ಲಿ ಅಜ್ಜಿಯ ಊರು ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದು ಮಡೇನೂರಿನ ಹಳೆಯ ಅಣೆಕಟ್ಟು ಕಾಣಿಸಿದ ವರ್ಷವೆಲ್ಲ ಕ್ಯಾಮೆರಾ ಹಿಡಿದವರು ಬರುತ್ತಿದ್ದರು. "ಮನೆ ಮುಳುಗಿದಾಗ ಹೇಗನ್ನಿಸ್ತು ಅಜ್ಜಿ?" ಅಂತ ಕೇಳಿದರೆ ಅಜ್ಜಿ ಮಾತಾಡದೆ ಎದ್ದು ಒಳಗೆ ಹೋಗುತ್ತಿದ್ದಳು. "ನಿಮ್ಮ ಗದ್ದೆಯಲ್ಲಿ ಯಾವ ಭತ್ತ ಹಾಕ್ತಿದ್ರಿ?" ಅಂತ ಯಾರಾದರೂ ಕೇಳಿದರೆ ಮಾತ್ರ ದೀಪ ಹಚ್ಚುವ ಹೊತ್ತಾದರೂ ಅವಳ ಮಾತು ನಿಲ್ಲುತ್ತಿರಲಿಲ್ಲ.

ಮೊದಲ ದಿನ: ಪಲಾಲಿ

2025ರ ಫೆಬ್ರವರಿ. ಚೆನ್ನೈಯಿಂದ ಜಾಫ್ನಾಕ್ಕೆ ಸಣ್ಣ ವಿಮಾನ, ಒಂದೂಕಾಲು ಗಂಟೆ ಹಾದಿ. ಇಟಿಎ ಅನ್ನುವ ಪ್ರವೇಶ ಅನುಮತಿಯನ್ನು ಮನೆಯಲ್ಲೇ ಮಾಡಿಸಿಕೊಂಡಿದ್ದೆವು. ಅದನ್ನು ಸರ್ಕಾರದ ಜಾಲತಾಣದಲ್ಲೇ ಮಾಡಿಸಿ. ಅದೇ ಹೆಸರಿನ ಹಾಗೆ ಕಾಣುವ ಬೇರೆ ತಾಣಗಳಿವೆ, ದುಡ್ಡು ಜಾಸ್ತಿ ಕೀಳುತ್ತವೆ.

ಇಳಿದ ತಕ್ಷಣ ಮೊದಲ ಎಡವಟ್ಟು. ಯಾರ ಮನೆಗೆ ಹೋದರೂ ಬರಿಗೈಲಿ ಹೋಗಬಾರದು ಅಂತ ಅಕ್ಕ ಒಂದು ಭರಣಿ ಜೀರಿಗೆ ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದಳು. ದಾರಿಯಲ್ಲಿ ಮುಚ್ಚಳ ಸಡಿಲಾಗಿ ಅರ್ಧ ರಸ ನನ್ನ ಬಟ್ಟೆ ಮೇಲೆ ಇಳಿದಿತ್ತು. ತಪಾಸಣೆಯವರು ಚೀಲ ತೆಗೆಸಿದರು. ಭಾವ "ಮಾವಡು" ಅಂದರು. ಮಾವಿನ ಮಿಡಿಗೆ ತಮಿಳಿನ ಹೆಸರು ಅದು. ಆ ಅಧಿಕಾರಿ ಮೂಸಿ ನೋಡಿ ನಕ್ಕು, ತಾವೇ ಒಂದು ಪ್ಲಾಸ್ಟಿಕ್ ಚೀಲ ಹುಡುಕಿ ಕೊಟ್ಟರು. ಉಪ್ಪಿನಕಾಯಿ ಒಯ್ಯುವವರು ಮುಚ್ಚಳದ ಸುತ್ತ ಟೇಪು ಸುತ್ತಿ, ಎರಡು ಕವರಿನಲ್ಲಿ ಕಟ್ಟಿ.

ವಿಮಾನ ಇಳಿಯುವ ಪಲಾಲಿಯಿಂದ ಪೇಟೆಗೆ ಬರುವ ದಾರಿಯಲ್ಲಿ ಯಾರಿಗೂ ಮಾತು ಬರಲಿಲ್ಲ. ಯುದ್ಧದ ಕಾಲದಲ್ಲಿ ಇದೆಲ್ಲ ಸೈನ್ಯ ವಶಕ್ಕೆ ತೆಗೆದುಕೊಂಡ ಜಾಗ. 1990ರಲ್ಲಿ ಊರು ಬಿಟ್ಟವರಿಗೆ ಸ್ವಲ್ಪ ಸ್ವಲ್ಪವಾಗಿ ನೆಲ ವಾಪಸ್ ಸಿಗುತ್ತಿದೆ. ಇನ್ನೂ ಸಿಗದವರೂ ಇದ್ದಾರೆ. ಒಂದು ಕಡೆ ಹೊಸ ಬಣ್ಣದ ಮನೆ, ಅದರ ಪಕ್ಕದಲ್ಲೇ ಮಾಡಿಲ್ಲದ ಗೋಡೆ. ಒಂದು ಮನೆಯ ಹತ್ತಿರ ಆಟೋ ನಿಂತಿತು. ಹಂಚಿಲ್ಲ, ಜಂತಿಯಿಲ್ಲ, ಬಾಗಿಲಿಲ್ಲ. ಆದರೆ ಜಗುಲಿಯ ಕೆಂಪು ಗಾರೆ ನೆಲ ಹಾಗೇ ಇತ್ತು. ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು, ನಮ್ಮೂರಿನಲ್ಲಿ ತೆಂಗಿನೆಣ್ಣೆ ಹಾಕಿ ಒರೆಸಿದ ಜಗುಲಿಯ ಹಾಗೆ. ಮೂಲೆಯಲ್ಲಿ ಕಂಬ ಇದ್ದ ಗುರುತು, ಒಂದು ಸಣ್ಣ ಬಿಳಿ ವೃತ್ತ. ಅಕ್ಕ ಇಳಿಯಲು ಹೋದಳು. ಆಟೋದವರು ತಲೆಯಾಡಿಸಿದರು. ಯಾರೂ ಇಲ್ಲದ ಮನೆ ಅಂದರೆ ಯಾರದ್ದೂ ಅಲ್ಲದ ಮನೆ ಅಂತಲ್ಲವಲ್ಲ.

ಉಳಿದುಕೊಂಡಿದ್ದು ನಲ್ಲೂರಿನಲ್ಲಿ, ನಿವೃತ್ತ ಟೀಚರ್ ಒಬ್ಬರ ಮನೆಯ ಮೇಲಿನ ಎರಡು ಕೋಣೆಯಲ್ಲಿ. ದೊಡ್ಡ ಹೋಟೆಲುಗಳೂ ಇವೆ. ನಾವು ಬೇಕಂತಲೇ ಮನೆ ಹುಡುಕಿದ್ದೆವು. ಕೊಟ್ಟ ದುಡ್ಡು ನೇರ ಆ ಊರಿನ ಅಡುಗೆಮನೆಗೆ ಹೋಗುತ್ತದೆ, ಜೊತೆಗೆ ಮಾತಾಡಲು ಒಬ್ಬರು ಸಿಗುತ್ತಾರೆ.

ಟೀಚರ್ ನಮ್ಮನ್ನು ಬರಮಾಡಿಕೊಂಡು ಮೊದಲು ನೋಡಿದ್ದು ಭಾವನ ತಲೆಯನ್ನು. ಭದ್ರಾ ಕಾಡಿಗೆ ಹೋದಾಗ ಕೊಂಡ ಟೋಪಿ, ಮುಂದೆ ದೊಡ್ಡ ಹುಲಿ ಮುಖ. "ಅಯ್ಯಾ, ಇದು ಚೀಲದಲ್ಲೇ ಇರಲಿ," ಅಂದರು ಮೆಲ್ಲಗೆ. ನಮಗೆ ಕಾಡಿನ ಹುಲಿ. ಅಲ್ಲಿ ಅದು ಎಲ್‌ಟಿಟಿಇ ಗುರುತು, ನಿಷೇಧಿಸಿದ ಗುರುತು. ನೋಡಿದವರ ಮನಸ್ಸಿನಲ್ಲಿ ಏನು ಏಳುತ್ತದೆ ಅಂತ ಹೇಳಲು ಆಗುವುದಿಲ್ಲ. ಭಾವ ಆ ಕ್ಷಣವೇ ತೆಗೆದಿಟ್ಟರು. ಸೈನಿಕರ ಬಟ್ಟೆಯ ಹಾಗೆ ಹಸಿರು ಮಚ್ಚೆಯ ಪ್ಯಾಂಟು, ಅಂಗಿ ಕೂಡ ಬೇಡ. ನಮ್ಮ ಹುಡುಗರು ಅದನ್ನು ಶೋಕಿಗೆ ಹಾಕುತ್ತಾರೆ, ಅಲ್ವಾ? ಅಲ್ಲಿ ಅದು ಶೋಕಿಯ ಬಟ್ಟೆ ಅಲ್ಲ.

ಎರಡನೇ ದಿನ: ಲೈಬ್ರರಿ, ಕೋಟೆ, ನಲ್ಲೂರು

ಬೆಳಗ್ಗೆ ಪುಟ್ಟು, ತೆಂಗಿನಕಾಯಿ ಸಂಬಲ್, ಸೊದಿ ಅನ್ನುವ ಕಾಯಿಹಾಲಿನ ತಿಳಿಸಾರು. ಅಕ್ಕಿ ಹಿಟ್ಟು ಕೆಂಪು, ರುಚಿ ನಮ್ಮ ಕುಚ್ಚಲಕ್ಕಿಗೆ ಹತ್ತಿರ. ನಾವು ಮಾಂಸ ಮೀನು ತಿನ್ನುವುದಿಲ್ಲ. ಅಲ್ಲಿ "ಸೈವಂ" ಅಂತ ಕೇಳಬೇಕು. ಸೈವ ಹೋಟೆಲುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಬೇರೆ ಕಡೆ ಸಂಬಲ್ ತಿನ್ನುವ ಮೊದಲು ಕೇಳಿ, ಒಣಮೀನಿನ ಪುಡಿ ಸೇರಿಸುವುದುಂಟು.

ಪೇಟೆಯಲ್ಲಿ ಚಹಾ ಕುಡಿದು ಭಾವ ಮೊಬೈಲ್ ತೆಗೆದರು. ಶ್ರೀಲಂಕಾದಲ್ಲೂ ನಮ್ಮ ಯುಪಿಐ 2024ರಿಂದ ನಡೆಯುತ್ತದೆ ಅಂತ ಓದಿದ್ದರು. ನಡೆಯುತ್ತದೆ, ಆದರೆ ಆ ಚಹಾದಂಗಡಿಯಲ್ಲಿ ಅಲ್ಲ. ಕಿಸೆಯಲ್ಲಿ ಅಲ್ಲಿನ ಒಂದು ಕಾಸೂ ಇಲ್ಲ. ಅಂಗಡಿಯವರು "ಆಮೇಲೆ ಕೊಡಿ" ಅಂದರು. ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡು ಬಂದು ಕೊಟ್ಟೆವು. ನಮ್ಮ ಒಂದು ರೂಪಾಯಿಗೆ ಅವರ ಮೂರು ರೂಪಾಯಿ ಚಿಲ್ಲರೆ ಸಿಗುತ್ತದೆ. ಇಳಿದ ಜಾಗದಲ್ಲೇ ಸ್ವಲ್ಪ ಬದಲಾಯಿಸಿಕೊಳ್ಳಿ, ಸಣ್ಣ ನೋಟು ಇಟ್ಟುಕೊಳ್ಳಿ.

ದುಡ್ಡು ಕೊಡಲು ವಾಪಸ್ ಹೋದಾಗ ಮಾತು ಬೆಳೆಯಿತು. ಅವರು ಮುಸ್ಲಿಮರು. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇಯವರು ಉತ್ತರದ ಮುಸ್ಲಿಮರನ್ನೆಲ್ಲ ಹೊರಗೆ ಹಾಕಿದರು. ಜಾಫ್ನಾ ಪೇಟೆಯವರಿಗೆ ಸಿಕ್ಕಿದ್ದು ಎರಡು ಗಂಟೆ. ಇವರು ಆಗ ಶಾಲೆಗೆ ಹೋಗುವ ಹುಡುಗ. ಪುತ್ತಳಂನ ಶಿಬಿರದಲ್ಲಿ ಬೆಳೆದು, ಯುದ್ಧ ಮುಗಿದ ಮೇಲೆ ಅಪ್ಪನ ಅಂಗಡಿ ಇದ್ದ ಬೀದಿಗೇ ಬಂದಿದ್ದಾರೆ. ಯಾರನ್ನೂ ಬೈಯಲಿಲ್ಲ. "ಈ ಬೀದಿಯ ಗಾಳಿ ಬೇರೆ" ಅಂದರು, ಅಷ್ಟೇ. ಊರಿಗೆ ಹೋಗುವ ಮೊದಲು ಅಲ್ಲಿಯ ಕತೆ ಸ್ವಲ್ಪ ಓದಿಕೊಂಡು ಹೋಗಿ ಅಂತ ನಾನು ಹೇಳುವುದು ಇದಕ್ಕೇ. ಒಂದೇ ಕಡೆಯ ಕತೆ ತಲೆಯಲ್ಲಿಟ್ಟುಕೊಂಡು ಹೋದರೆ ಎದುರಿಗೆ ಕೂತವರು ಕಾಣುವುದೇ ಇಲ್ಲ.

ಜಾಫ್ನಾದ ಲೈಬ್ರರಿ ಬಿಳಿಯ ಕಟ್ಟಡ, ಎದುರಿಗೆ ಸರಸ್ವತಿ. 1981ರ ಮೇ ಕೊನೆಯ ರಾತ್ರಿ ಅದಕ್ಕೆ ಬೆಂಕಿ ಹಚ್ಚಿದರು. ಸುಮಾರು 97,000 ಪುಸ್ತಕ, ತಾಳೆಗರಿಗಳು ಸುಟ್ಟುಹೋದವು. ಯುದ್ಧ ಶುರುವಾಗುವುದಕ್ಕೂ ಎರಡು ವರ್ಷ ಮೊದಲು. ರಿಪೇರಿಯಾಗಿ ಜನಕ್ಕೆ ಮತ್ತೆ ತೆರೆದದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ಆದಮೇಲೆ. ಓದುವವರಿಗೆ ತೊಂದರೆ ಆಗಬಾರದು ಅಂತ ಪ್ರವಾಸಿಗರಿಗೆ ಬೇರೆ ಹೊತ್ತು ಇಟ್ಟಿದ್ದಾರೆ. ಅದನ್ನು ಮೊದಲೇ ಕೇಳಿಕೊಂಡು ಹೋಗಿ. ಒಳಗೆ ಸ್ಕೂಲು ಮಕ್ಕಳು ತಲೆ ಬಗ್ಗಿಸಿ ಓದುತ್ತಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ನನಗೆ ಕೆಳದಿಯ ವಸ್ತುಸಂಗ್ರಹಾಲಯ ನೆನಪಾಯಿತು. ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ತಾಳೆಗರಿಗಳು ಎಷ್ಟು ನಿಶ್ಚಿಂತೆಯಿಂದ ಮಲಗಿವೆ! ಸಾಗರದಿಂದ ನಾಲ್ಕು ಹೆಜ್ಜೆ, ಆದರೂ ಕೊನೆಯ ಸಲ ಹೋಗಿ ನೋಡಿ ಎಷ್ಟು ವರ್ಷವಾಯಿತು.

ಕೋಟೆ ಅಲ್ಲಿಂದ ನಡೆಯುವಷ್ಟೇ ದೂರ. ಪೋರ್ಚುಗೀಸರು ಕಟ್ಟಿದ್ದು. 1658ರಲ್ಲಿ ಡಚ್ಚರು ಕಿತ್ತುಕೊಂಡರು. ನಮ್ಮ ಶಿವಪ್ಪ ನಾಯಕ ಹೊನ್ನಾವರ, ಬಸ್ರೂರಿನಲ್ಲಿ ಪೋರ್ಚುಗೀಸರನ್ನು ಸೋಲಿಸಿದ್ದೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ಒಳಗಿದ್ದ ಡಚ್ಚರ ಇಗರ್ಜಿ ಈ ಯುದ್ಧದಲ್ಲಿ ನೆಲಸಮವಾಗಿದೆ. ಹವಳದ ಕಲ್ಲಿನ ಗೋಡೆ ಮೇಲೆ ಕೂತರೆ ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತದೆ. ಸಂಜೆ ಊರಿನವರೆಲ್ಲ ಅಲ್ಲಿಗೇ ಬರುತ್ತಾರೆ.

ನಲ್ಲೂರು ಕಂದಸ್ವಾಮಿ ಗುಡಿಗೆ ಗಂಡಸರು ಅಂಗಿ ತೆಗೆದೇ ಹೋಗಬೇಕು. ಭಾವ ಪಂಚೆ ಉಟ್ಟು ಬಂದಿದ್ದರು, ಚಂದ ಕಂಡರು. ಹೊರಗೆ ಬಂದು ರಿಯೋ ಅಂಗಡಿಯಲ್ಲಿ ಐಸ್‌ಕ್ರೀಂ ತಿಂದೆವು. ಜಾಫ್ನಾಕ್ಕೆ ಹೋದವರು ಅದನ್ನು ತಿನ್ನದೆ ಬರುವುದಿಲ್ಲವಂತೆ.

ಮೂರನೇ ದಿನ: ನಯಿನಾತೀವು

ಸಮುದ್ರದ ನಡುವೆ ಹಾಕಿದ ರಸ್ತೆಯಲ್ಲಿ ಕುರಿಕಟ್ಟುವಾನ್‌ಗೆ ಹೋದೆವು. ಎರಡೂ ಕಡೆ ಮೊಣಕಾಲುದ್ದ ನೀರು, ಅದರಲ್ಲಿ ಬಲೆ ಹಾಕಿ ನಿಂತ ಜನ. ಅಲ್ಲಿಂದ ನಯಿನಾತೀವಿಗೆ ದೋಣಿ. ಹೊಳೆಬಾಗಿಲಿನಲ್ಲಿ ಸಿಗಂದೂರಿನ ಲಾಂಚ್‌ಗೆ ಕಾದು ನಿಂತವರಿಗೆ ಆ ದಡ ಹೊಸದು ಅನ್ನಿಸುವುದಿಲ್ಲ. ಅದೇ ನೂಕುನುಗ್ಗಲು, ಹೂವಿನ ಬುಟ್ಟಿ, ಮಕ್ಕಳ ಅಳು. ದೋಣಿಯೊಳಗೆ ತಗ್ಗಿನಲ್ಲಿ ಕೂರಬೇಕು, ಸೆಕೆ ಜಾಸ್ತಿ. ಬೆಳಗ್ಗೆ ಬೇಗ ಹೋಗಿ. ಕೊಟ್ಟ ಲೈಫ್ ಜಾಕೆಟ್ ಹಾಕಿಕೊಳ್ಳಿ, ನಾಚಿಕೊಳ್ಳಬೇಡಿ.

ಆ ಪುಟ್ಟ ದ್ವೀಪದಲ್ಲಿ ನಾಗಪೂಷಣಿ ಅಮ್ಮನ ಗುಡಿ ಇದೆ. ಬುದ್ಧ ಬಂದಿದ್ದ ಅಂತ ನಂಬುವ ನಾಗದೀಪ ವಿಹಾರವೂ ಇದೆ. ಹಾಗಾಗಿ ದೋಣಿಯಲ್ಲಿ ತಮಿಳರೂ ಸಿಂಹಳರೂ ತೊಡೆಗೆ ತೊಡೆ ತಾಗಿಸಿ ಕೂತಿರುತ್ತಾರೆ. ನನ್ನ ಪಕ್ಕ ಬಿಳಿ ಬಟ್ಟೆ ತೊಟ್ಟ ಹಿರಿಯರೊಬ್ಬರು, ದಕ್ಷಿಣದವರು. ಮುರುಕು ಇಂಗ್ಲಿಷಿನಲ್ಲಿ ಮಾತಾಯಿತು. ಅವರ ತಮ್ಮ ಸೈನ್ಯದಲ್ಲಿದ್ದ, ಉತ್ತರಕ್ಕೆ ಬಂದವನು ತಿರುಗಿ ಹೋಗಲಿಲ್ಲ. ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಅವನ ಹೆಸರಲ್ಲಿ ದೀಪ ಹಚ್ಚುತ್ತಾರಂತೆ. ಎದುರಿನ ಬೆಂಚಿನಲ್ಲಿ ಕೂತ ತಮಿಳು ಹೆಂಗಸು ಅವರ ಮೊಮ್ಮಗಳಿಗೆ ಮಲ್ಲಿಗೆ ಕೊಟ್ಟರು. ಅವರ ಮನೆಯಲ್ಲಿ ಯಾರು ಹೋಗಿದ್ದಾರೋ ಗೊತ್ತಿಲ್ಲ. ನಾವು ಕೇಳಲಿಲ್ಲ. "ನೀವು ಯಾವ ಕಡೆ?" ಅನ್ನುವ ಪ್ರಶ್ನೆ ಆ ದೇಶದಲ್ಲಿ ಪ್ರವಾಸಿಯ ಬಾಯಲ್ಲಿ ಬರಲೇಬಾರದು.

ವಿಹಾರದಲ್ಲಿ ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬಾರದು. ಅಮ್ಮನ ಗುಡಿಯಲ್ಲಿ ಮಧ್ಯಾಹ್ನ ಅನ್ನದಾನ. ನೆಲದ ಮೇಲೆ ಸಾಲಾಗಿ ಕೂತು ಉಂಡೆವು.

ನಾಲ್ಕನೇ ದಿನ: ವನ್ನಿ

ಈ ದಿನದ ಬಗ್ಗೆ ಬರೆಯುವುದು ಕಷ್ಟ.

ವನ್ನಿ ಅಂದರೆ ಜಾಫ್ನಾದ ದಕ್ಷಿಣಕ್ಕಿರುವ ನಾಡು, ಯುದ್ಧ ಮುಗಿದದ್ದು ಅಲ್ಲೇ. ಎ-9 ಅನ್ನುವುದು ಕ್ಯಾಂಡಿಯಿಂದ ಜಾಫ್ನಾಕ್ಕೆ ಬರುವ ರಸ್ತೆ. ಯುದ್ಧದಲ್ಲಿ ವರ್ಷಗಟ್ಟಲೆ ಮುಚ್ಚಿತ್ತು. ಈಗ ಕನ್ನಡಿಯ ಹಾಗಿದೆ. ನಮ್ಮ ಆಟೋದವರೇ ಒಂದು ಕಾರು ಗೊತ್ತು ಮಾಡಿಕೊಂಡು ಬಂದಿದ್ದರು. ದಿನದ ಲೆಕ್ಕದಲ್ಲಿ ಬಾಡಿಗೆ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಸ್ಥಳೀಯರನ್ನೇ ಕರೆದುಕೊಂಡು ಹೋಗಿ. ಅದು ಯಾಕೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಮುಹಮಾಲೈ ಹತ್ತಿರ ನಾನು ಗಾಡಿ ನಿಲ್ಲಿಸಲು ಹೇಳಿದೆ. ಮಲೆನಾಡಿನವರ ಅಭ್ಯಾಸ ನಿಮಗೆ ಗೊತ್ತೇ ಇದೆ. ದಾರಿ ಬಿಟ್ಟು ಪೊದೆಯ ಮರೆಗೆ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬಹುದು. "ಅಯ್ಯಾ, ನಿಲ್ಲುಂಗೋ!" ಅಂತ ಹಿಂದಿನಿಂದ ಕೂಗು. ನಿಂತೆ. "ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ" ಅಂದರು. ಮರಳಿನ ಮೇಲೆ ನನ್ನ ಚಪ್ಪಲಿಯ ಗುರುತು ಕಾಣುತ್ತಿತ್ತು. ಒಂದೊಂದರ ಮೇಲೂ ಕಾಲಿಟ್ಟು ಬಂದೆ. ರಸ್ತೆಗೆ ಬಂದಾಗ ಕಾಲು ನಡುಗುತ್ತಿತ್ತು.

ಅವರು ಬೈಯಲಿಲ್ಲ. ಸ್ವಲ್ಪ ಮುಂದೆ ನಿಲ್ಲಿಸಿ ತೋರಿಸಿದರು. ಕೆಂಪು ಹಲಗೆ, ಬಿಳಿ ತಲೆಬುರುಡೆ, ಮೂರು ಭಾಷೆಯಲ್ಲಿ ಬರಹ. ತಮಿಳಿನಲ್ಲಿ "ಮಿದಿವೆಡಿ". ಭಾವ ಬಿಡಿಸಿ ಹೇಳಿದರು. ಮಿದಿ ಅಂದರೆ ತುಳಿ, ವೆಡಿ ಅಂದರೆ ಸಿಡಿಮದ್ದು. ತುಳಿದರೆ ಸಿಡಿಯುವುದು. ಮುಹಮಾಲೈ ಎರಡೂ ಸೈನ್ಯ ವರ್ಷಗಟ್ಟಲೆ ಎದುರುಬದುರು ನಿಂತ ಗಡಿ. ನೆಲದ ಕೆಳಗೆ ಅಷ್ಟೊಂದು ಹೂತಿದ್ದಾರೆ. ದೂರದಲ್ಲಿ ಮುಖಕ್ಕೆ ಪಾರದರ್ಶಕ ಗುರಾಣಿ ಕಟ್ಟಿಕೊಂಡವರು ಮಂಡಿಯೂರಿ ಕೂತಿದ್ದರು. ಹೆಚ್ಚಿನವರು ಹೆಂಗಸರು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರೂ ಆ ಕೆಲಸದಲ್ಲಿದ್ದಾರಂತೆ. ಒಂದು ಗೇಣು ಕೆರೆಯುವುದು, ನೋಡುವುದು, ಮತ್ತೆ ಒಂದು ಗೇಣು. ನಮ್ಮ ಕಡೆ ಅಡಿಕೆ ಸಸಿಯ ಬುಡ ಬಿಡಿಸುವವರ ಕೈಯಲ್ಲಿ ಆ ನಿಧಾನ ನೋಡಿದ್ದೇನೆ. ನೆಲಬಾಂಬು ನಿಷೇಧದ ಒಟ್ಟಾವಾ ಒಪ್ಪಂದಕ್ಕೆ ಶ್ರೀಲಂಕಾ ಸೇರಿದ್ದು 2017ರಲ್ಲಿ. ಕೆಲಸ ಇನ್ನೂ ಮುಗಿದಿಲ್ಲ.

ಆಟೋದವರು ಹೇಳಿಕೊಟ್ಟದ್ದನ್ನು ಹಾಗೇ ಬರೆಯುತ್ತೇನೆ. ಜನ, ಗಾಡಿ ದಿನಾ ಓಡಾಡುವ ದಾರಿಯಲ್ಲೇ ನಡೆಯಿರಿ.  ಹುಲ್ಲು ಎತ್ತರ ಬೆಳೆದು ಯಾರೂ ಕೊಯ್ಯದೆ ಬಿಟ್ಟಿದ್ದರೆ ಅದಕ್ಕೆ ಕಾರಣ ಇರುತ್ತದೆ. ಕಬ್ಬಿಣದ ಚೂರು ಕಂಡರೆ ಮುಟ್ಟಬೇಡಿ. ಕಾಲು ಮಡಿಯಬೇಕಾದರೆ ಹೋಟೆಲ್ ಬರುವ ತನಕ ಕಾಯಿರಿ.

ಆನೈಯಿರವು, ಇಂಗ್ಲಿಷಿನಲ್ಲಿ ಎಲಿಫೆಂಟ್ ಪಾಸ್. ಎರಡು ಕಡೆ ಉಪ್ಪುನೀರು, ನಡುವೆ ಸಣ್ಣ ಪಟ್ಟಿ ನೆಲ. ಇಲ್ಲಿ 1991ರಲ್ಲಿ ಎಲ್‌ಟಿಟಿಇ ಕಬ್ಬಿಣದ ಹೊದಿಕೆ ಹಾಕಿ ತಂದ ಬುಲ್ಡೋಜರನ್ನು ಒಬ್ಬ ಸೈನಿಕ ಜೀವ ಕೊಟ್ಟು ತಡೆದ. ಸುಟ್ಟ ಆ ಗಾಡಿಯನ್ನು ಸ್ಮಾರಕವಾಗಿ ಇಟ್ಟಿದ್ದಾರೆ. ಬಸ್ಸಿನಲ್ಲಿ ಬಂದವರು ಅದರ ಮುಂದೆ ಗುಂಪಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಚಾಲಕ ಗಾಡಿಯಿಂದ ಇಳಿಯಲೇ ಇಲ್ಲ, ಬೇರೆ ಕಡೆ ನೋಡುತ್ತ ಕೂತಿದ್ದರು. ಒಬ್ಬರ ಗೆಲುವಿನ ಕಲ್ಲು ಇನ್ನೊಬ್ಬರ ಮನೆಯ ಸಾವು. ಅಲ್ಲಿ ನಗುತ್ತ ಫೋಟೊ ತೆಗೆಸಿಕೊಳ್ಳಲು ನನ್ನ ಕೈಲಾಗಲಿಲ್ಲ. ಯಾರೂ ತೆಗೆಸಿಕೊಳ್ಳಬಾರದು ಅಂತಲೇ ನನ್ನ ಅಭಿಪ್ರಾಯ.

ಮುಂದೆ ಒಂದು ಸೈನ್ಯದ ಶಿಬಿರದ ಗೇಟಿನಲ್ಲಿ ಹೂವಿನ ಗಿಡ ಚಂದ ಇತ್ತು. ಭಾವ ಮೊಬೈಲ್ ಎತ್ತಿದರು. ಕಾವಲಿನ ಹುಡುಗ ಓಡಿ ಬಂದ. ಪಾಸ್‌ಪೋರ್ಟ್ ಕೇಳಿದ, ಫೋಟೊ ಅಳಿಸಿ ಅಂದ. ಮರ್ಯಾದೆಯಿಂದಲೇ ಮಾತಾಡಿದ. ಅಳಿಸಿ, ತಪ್ಪಾಯಿತು ಅಂದೆವು. ಶಿಬಿರ, ಕಾವಲು ಠಾಣೆ, ಸೈನಿಕರು, ಇವುಗಳ ಫೋಟೊ ತೆಗೆಯಬೇಡಿ. ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಲಿ.

ಕಿಳಿನೊಚ್ಚಿಯಲ್ಲಿ ಕಾಣೆಯಾದವರ ಮನೆಯವರು 2017ರ ಫೆಬ್ರವರಿಯಿಂದ ಧರಣಿ ಮಾಡುತ್ತಿದ್ದಾರೆ. ಹೆಚ್ಚಿನವರು ತಾಯಂದಿರು, ಕೈಯಲ್ಲಿ ಮಕ್ಕಳ ಫೋಟೊ. ಕಾದು ಕಾದು ತೀರಿಕೊಂಡವರೂ ಇದ್ದಾರೆ. ಯುದ್ಧ ಮುಗಿದಾಗ ಕಣ್ಣೆದುರೇ ಶರಣಾದ ಮಗ ಎಲ್ಲಿ ಅಂತ ಅವರು ಕೇಳುತ್ತಿರುವುದು. ಉತ್ತರ ಬಂದಿಲ್ಲ. ಈ ದಾರಿಯುದ್ದಕ್ಕೂ ಭಾರತದ ನೆರವಿನಿಂದ ಕಟ್ಟಿದ ಮನೆಗಳೂ ಕಾಣುತ್ತವೆ. ಆದರೆ 1987ರಿಂದ 1990ರವರೆಗೆ ನಮ್ಮ ಸೈನ್ಯವೂ ಇಲ್ಲಿತ್ತು. 1987ರ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ಅವರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸತ್ತರು. "ಇಂಡಿಯಾದವರಾ?" ಅಂತ ಕೇಳಿ ಯಾರಾದರೂ ಸುಮ್ಮನಾದರೆ ಅದಕ್ಕೆ ಹಿಂದಿನ ಕತೆ ಇರುತ್ತದೆ. ಜಗಳಕ್ಕೆ ಹೋಗಬೇಡಿ, ಸಮರ್ಥನೆಗೂ ಹೋಗಬೇಡಿ.

ಮುಳ್ಳಿವಾಯ್ಕಾಲ್ ತಲುಪಿದಾಗ ಮಧ್ಯಾಹ್ನ ಮೂರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನಂದಿಕಡಲ್ ಹಿನ್ನೀರು. 2009ರ ಮೇ ತಿಂಗಳಲ್ಲಿ ಈ ಸಪೂರ ಮರಳುಪಟ್ಟಿಯಲ್ಲಿ ಸಾವಿರಾರು ಜನ ಸಿಕ್ಕಿಕೊಂಡಿದ್ದರು. ಎಲ್‌ಟಿಟಿಇ ಹೊರಗೆ ಹೋಗಲು ಬಿಡಲಿಲ್ಲ, ಸೈನ್ಯದ ಗುಂಡು ನಿಲ್ಲಲಿಲ್ಲ. ಈಗ ಗಾಳಿ, ಮರಳು, ಒಂದು ಸಣ್ಣ ಸ್ಮಾರಕ. ಮರಳಿನಿಂದ ಎದ್ದು ಕಂಡ ಒಂದು ತುಂಡು ಬಟ್ಟೆ, ಹೂವಿನ ಅಂಚು, ಹೆಂಗಸರ ಸೀರೆಯದ್ದು. ಅಕ್ಕ ಅದನ್ನು ನೋಡಿ ತಿರುಗಿ ಬಂದು ಕಾರಿನಲ್ಲಿ ಕೂತಳು.

ರಾತ್ರಿ ಮನೆಗೆ ಬಂದಾಗ ಊಟ ಬೇಡ ಅಂದೆವು. ಟೀಚರ್ ಏನೂ ಕೇಳದೆ ಗಂಜಿ ತಂದಿಟ್ಟರು. ಕೆಂಪಕ್ಕಿ, ನೀರು, ಉಪ್ಪು. ಪಕ್ಕದಲ್ಲಿ ನಮ್ಮದೇ ಮಿಡಿ ಉಪ್ಪಿನಕಾಯಿ. ನಾವು ಮೂವರೂ ತಲೆ ಬಗ್ಗಿಸಿ ಉಂಡೆವು. ಭಾವ ಬಟ್ಟಲು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ಟೀಚರ್, ಇದು ಯಾವ ಅಕ್ಕಿ?"

ಅವರು ಅಕ್ಕಿಯ ಹೆಸರು ಹೇಳಿದರು. ಅದು ವನ್ನಿಯ ಗದ್ದೆಯದ್ದು, ತಂಗಿಯನ್ನು ಕೊಟ್ಟ ಊರಿನದ್ದು ಅಂದರು. ಆಮೇಲೆ ತಾವಾಗಿಯೇ ಹೇಳುತ್ತ ಹೋದರು. ಕೊನೆಯ ತಿಂಗಳುಗಳಲ್ಲಿ ಮುಳ್ಳಿವಾಯ್ಕಾಲ್‌ನಲ್ಲಿ ಇದ್ದವರಿಗೆ ಸಿಕ್ಕಿದ್ದು ಇಂಥದ್ದೇ ಗಂಜಿ. ಹಿಡಿ ಅಕ್ಕಿ, ಕೊಡ ನೀರು. ಅದರ ಸಾಲಿನಲ್ಲಿ ನಿಂತಾಗಲೂ ಶೆಲ್ ಬಿದ್ದು ಜನ ಸತ್ತರು. ಈಗ ಪ್ರತಿ ವರ್ಷ ಮೇ 18ರ ಆಸುಪಾಸಿನಲ್ಲಿ ಬೀದಿಬೀದಿಯಲ್ಲಿ ಒಲೆ ಹೂಡಿ ಅದೇ ಗಂಜಿ ಬೇಯಿಸಿ ಹಂಚುತ್ತಾರೆ. ತಂಗಿಯ ಮನೆಯಿಂದ ಹೊರಟವರು ನಾಲ್ಕು ಜನ. ಮೆನಿಕ್ ಫಾರ್ಮ್ ಶಿಬಿರಕ್ಕೆ ಬಂದು ಸೇರಿದವರು ಇಬ್ಬರು. ನೀವು ಮೇ ತಿಂಗಳಲ್ಲಿ ಹೋದರೆ, ಯಾರಾದರೂ ಆ ಗಂಜಿ ಕೊಟ್ಟರೆ, ಎರಡೂ ಕೈ ಚಾಚಿ ತಗೊಳ್ಳಿ.

ಐದನೇ ದಿನ: ಪರುತ್ತಿತ್ತುರೈ, ಕೀರಿಮಲೈ

ಹಿಂದಿನ ದಿನದ ಭಾರ ಮೈಯಲ್ಲೇ ಇತ್ತು. ತಡವಾಗಿ ಎದ್ದೆವು. ಅಂಥ ದಿನದ ಮಾರನೇ ದಿನ ಏನೂ ಇಟ್ಟುಕೊಳ್ಳದಿರುವುದು ಒಳ್ಳೆಯದು. ಟೀಚರ್ ತಾವೂ ಜೊತೆಗೆ ಬರುತ್ತೇನೆ ಅಂದರು.

ಪರುತ್ತಿತ್ತುರೈ, ಇಂಗ್ಲಿಷಿನಲ್ಲಿ ಪಾಯಿಂಟ್ ಪೆಡ್ರೊ, ಶ್ರೀಲಂಕಾ ದ್ವೀಪದ ಉತ್ತರದ ತುದಿಯ ಊರು. ಅಲ್ಲಿಯ ವ‌ಡೆ ಹೆಸರುವಾಸಿ. ತೆಳ್ಳಗೆ, ಚಪ್ಪಟೆ, ಗರಿಗರಿ. ಬಾಯಿಗೆ ಹಾಕಿದ ಕೂಡಲೇ ಅಕ್ಕ "ಇದು ನಿಪ್ಪಟ್ಟೇ ಸೈ" ಅಂದಳು. ಎರಡು ಕಟ್ಟು ಕೊಂಡೆವು. ಕೀರಿಮಲೈಯಲ್ಲಿ ಸಮುದ್ರದ ಪಕ್ಕದಲ್ಲೇ ಸಿಹಿನೀರಿನ ಕೊಳ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಗೋಡೆಯ ಆಚೆ ಅಲೆ ಹೊಡೆಯುತ್ತಿದ್ದರೆ ಈಚೆ ತಣ್ಣನೆಯ ನೀರಲ್ಲಿ ಕುತ್ತಿಗೆವರೆಗೆ ಕೂತಿದ್ದೆವು.

ವಾಪಸ್ ಬರುವಾಗ ಅಕ್ಕ ಟೀಚರ್‌ಗೆ ನಮ್ಮ ಮುಳುಗಡೆಯ ಕತೆ ಹೇಳಿದಳು. ಅಜ್ಜಿ ಗಾಡಿ ಹತ್ತುವಾಗ ಕೈಗೆ ಸಿಕ್ಕಿದ ಕಡಗೋಲು ಹಿಡಿದುಕೊಂಡು ಬಂದಳು, ಹಸು ಹಿಂದೆಯೇ ಉಳಿದಿತ್ತು ಅಂತ. ಭಾವ ತಮಿಳಿಗೆ ತಿರುಗಿಸಿದರು. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಹೆರೆಮಣೆ ತಂದಿದ್ದೆ" ಅಂದರು.

1995ರ ಅಕ್ಟೋಬರ್ 30. ಸೈನ್ಯ ಬರುತ್ತಿದೆ, ಇವತ್ತೇ ಊರು ಬಿಡಿ ಅಂತ ಎಲ್‌ಟಿಟಿಇಯವರು ಮೈಕಿನಲ್ಲಿ ಕೂಗಿದರು. ಲಕ್ಷಗಟ್ಟಲೆ ಜನ ಒಂದೇ ರಾತ್ರಿ ಚಾವಕಚ್ಚೇರಿಯ ಕಡೆಗೆ ನಡೆದರು. ಮಳೆ ಬೇರೆ. ಮುಂದೆ ಹೋಗಲಿಕ್ಕೂ ಆಗದ, ನಿಲ್ಲಲಿಕ್ಕೂ ಆಗದ ಜನಸಾಗರ. ಟೀಚರ್ ಆಗ ಕಾಯಿ ತುರಿಯುತ್ತ ಕೂತಿದ್ದರಂತೆ. ಅಮ್ಮ ಏಳು ಅಂದರು, ಎದ್ದರು, ಮಣೆ ಕಂಕುಳಲ್ಲಿತ್ತು. ಒಡವೆ ಮನೆಯಲ್ಲೇ ಉಳಿಯಿತು. ಆರು ತಿಂಗಳಾದ ಮೇಲೆ ವಾಪಸ್ ಬಂದಾಗ ಮನೆಯಲ್ಲಿ ಬಾಗಿಲೂ ಇರಲಿಲ್ಲ. ಊರಿನ ಜನ ಇವತ್ತಿಗೂ ಮದುವೆ, ಹುಟ್ಟು, ಸಾವು ಎಲ್ಲವನ್ನೂ "ಇಡಂಪೆಯರ್ವಿಗೆ ಮುಂಚೆ, ಇಡಂಪೆಯರ್ವು ಆದಮೇಲೆ" ಅಂತಲೇ ಎಣಿಸುತ್ತಾರೆ. ಊರು ಬಿಟ್ಟದ್ದಕ್ಕೆ ಅವರ ಮಾತು ಅದು. ನಮ್ಮಲ್ಲೂ ಹಾಗೇ. "ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ."

ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ನಮ್ಮ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. ಆದರೆ ಆ ಕಾರಿನಲ್ಲಿ ಅಕ್ಕ, ಟೀಚರ್ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು.

ಮನೆಗೆ ಬಂದ ಮೇಲೆ ಆ ಹೆರೆಮಣೆ ತೋರಿಸಿದರು. ಹಲ್ಲು ಸವೆದು ಬೋಳಾಗಿದೆ. ಈಗಲೂ ಅದರಲ್ಲೇ ತುರಿಯುತ್ತಾರೆ.

ಆರನೇ ದಿನ: ವಾಪಸ್

ಬೆಳಗ್ಗೆ ಸಂತೆಗೆ ಹೋದೆವು. ತಾಳೆ ಮರದ್ದೇ ಎಲ್ಲ. ತಾಳೆಗರಿ ಬುಟ್ಟಿ, ಒಡಿಯಲ್ ಅನ್ನುವ ಒಣಗಿಸಿದ ತಾಳೆ ಮೊಳಕೆ, ಪನಂಕಟ್ಟಿ ಕುಟ್ಟಾನ್. ಕುಟ್ಟಾನ್ ಅಂದರೆ ಗರಿಯಲ್ಲಿ ಹೆಣೆದ ಮುಷ್ಟಿಗಾತ್ರದ ಪುಟ್ಟ ಬುಟ್ಟಿ, ಒಳಗೆ ತಾಳೆ ಬೆಲ್ಲ. ಹೆಣೆಯುವುದು ಹೆಂಗಸರು. ವಿಮಾನ ನಿಲ್ದಾಣದ ಅಂಗಡಿಗೆ ಕಾಯದೆ ಅವರ ಹತ್ತಿರವೇ ಕೊಳ್ಳಿ. ಚೌಕಾಶಿ ಮಾಡಬೇಡಿ, ಇದು ನನ್ನ ಕೋರಿಕೆ. 2022ರ ಆರ್ಥಿಕ ಕುಸಿತ ಅವರನ್ನು ಯುದ್ಧದಷ್ಟೇ ಹಿಂಡಿದೆ.

ಫೆಬ್ರವರಿ ಒಳ್ಳೆಯ ಕಾಲ. ಅಲ್ಲಿ ಮಳೆ ನಮ್ಮ ಹಾಗೆ ಜೂನ್‌ನಲ್ಲಿ ಅಲ್ಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹೊರಡುವಾಗ ಟೀಚರ್ ಖಾಲಿ ಭರಣಿ ತೊಳೆದು ವಾಪಸ್ ಕೊಟ್ಟರು. ಒಳಗೆ ಆ ವನ್ನಿಯ ಕೆಂಪಕ್ಕಿ ತುಂಬಿತ್ತು.

ಮನೆಗೆ ಬಂದ ರಾತ್ರಿ ಅಮ್ಮ ಆ ಅಕ್ಕಿಯ ಗಂಜಿ ಮಾಡಿದಳು. ಕುಟ್ಟಾನ್ ಬಿಚ್ಚಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಚೀಪಿದಳು. "ಇಂಥದ್ದೇ ಬೆಲ್ಲ ನಮ್ಮೂರಲ್ಲಿ ಬೈನೆ ಮರದಿಂದ ಮಾಡ್ತಿದ್ದ ಒಬ್ಬ. ಹೊಳೆ ದಾಟಿದರೆ ಎಡಗಡೆ ದೊಡ್ಡ ಹಲಸಿನ ಮರ, ಅದರ ಪಕ್ಕ ಅವನ ಮನೆ" ಅಂದಳು. ಅಮ್ಮನ ಬಾಯಲ್ಲಿ ಆ ಹೊಳೆ, ಆ ಹಲಸಿನ ಮರ ನಾನು ಕೇಳಿದ್ದು ಅದೇ ಮೊದಲು. ಗಂಜಿ ತಣ್ಣಗಾಯಿತು. ಆ ಮನೆಯಾದ ಮೇಲೆ ಯಾರ ಮನೆ, ಅದರಾಚೆ ಯಾರ ಗದ್ದೆ, ಅಮ್ಮ ಹೇಳುತ್ತಲೇ ಹೋದಳು. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ.